ಮೋಟಾರಿನ ಕೈಗಡ

ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ನಮ್ಮದೊಂದು ಸಣ್ಣ ಹಿಟ್ಟಿನ ಮಿಲ್. 10 ಎಚ್‌ಪಿ ಮೋಟಾರ್ ಸಾಕಿತ್ತು. ಸೆಕೆಂಡ್ ಹ್ಯಾಂಡ್‌ನಲ್ಲಿ ಕಮ್ಮಿಗೆ ಸಿಕ್ಕಿತು ಅಂತ ಆಸೆಬಿದ್ದು 15 ಎಚ್‌ಪಿಯದನ್ನೇ ತಂದು ಕೂರಿಸಿದೆ. ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ ಹೆಸರಲ್ಲಿ ದಂಡ ಬಿದ್ದಾಗಲೇ ಅದೇನು ಅಂತ ವಿಚಾರಿಸಿದ್ದು. ಲೈನಿನಿಂದ ಎಳೆದದ್ದರಲ್ಲಿ ಎಷ್ಟು ಪಾಲು ನಿಜವಾಗಿ ಕೆಲಸಕ್ಕೆ ಬಂತು ಅನ್ನುವ ಲೆಕ್ಕವಂತೆ.

ರಾಗಿ ಬೀಸುವಾಗ ಮೀಟರ್ ನೋಡಿದೆ. 7 ಕಿಲೋವ್ಯಾಟ್, ಪವರ್ ಫ್ಯಾಕ್ಟರ್ 0.70. ಅಂದರೆ ಕೆಲಸಕ್ಕೆ ಬಂದದ್ದು 7, ಲೈನಿನಿಂದ ಒಟ್ಟು ಎಳೆಯುತ್ತಿದ್ದದ್ದು 10 ಕೆವಿಎ (ಒಟ್ಟು ಎಳೆತದ ಅಳತೆ). ಹಾಗಾದರೆ ಕೆಲಸಕ್ಕೆ ಬಾರದ ಪಾಲು 3 ಅಲ್ವಾ ಅಂದುಕೊಂಡೆ. ಅಲ್ಲ. ಇದು ಲಂಬಕೋನ ತ್ರಿಕೋನದ ಲೆಕ್ಕ. 10ರ ವರ್ಗದಲ್ಲಿ 7ರ ವರ್ಗ ಕಳೆದು ವರ್ಗಮೂಲ ತೆಗೆಯಬೇಕು. ಸುಮಾರು 7.1 ಕೆವಿಎಆರ್ (ಕೆಲಸಕ್ಕೆ ಬಾರದ ಪಾಲಿನ ಅಳತೆ)!

ಇದು ಮೋಟಾರಿನ ಕೈಗಡ. ಒಳಗೆ ಮ್ಯಾಗ್ನೆಟ್ ಕಟ್ಟಲು ಲೈನಿನಿಂದ ಶಕ್ತಿ ತೆಗೆದುಕೊಳ್ಳುತ್ತದೆ, ತಕ್ಷಣ ವಾಪಸ್ ಕೊಡುತ್ತದೆ. 50 ಹರ್ಟ್ಜ್ ಲೈನಿನಲ್ಲಿ ಸೆಕೆಂಡಿಗೆ 100 ಸಲ. ಇದರಿಂದ ಒಂದು ಕಾಳೂ ನುಣ್ಣಗಾಗುವುದಿಲ್ಲ. ಆದರೆ ಹೋಗಿಬರುವ ಕರೆಂಟಿಗೆ ವೈರ್ ಸುಮ್ನೆ ಬಿಸಿಯಾಗುತ್ತದೆ. ಮೋಟಾರ್ ದೊಡ್ಡದು, ಕೆಲಸ ಚಿಕ್ಕದು ಆದರಂತೂ ಕೈಗಡದ ಪಾಲೇ ಜಾಸ್ತಿ. ಕೆಪಾಸಿಟರ್ ಅಂದರೆ ಈ ಕೈಗಡ ಕೊಡುವ ಪಕ್ಕದ ಮನೆಯವರು. ಟ್ರಾನ್ಸ್‌ಫಾರ್ಮರ್‌ವರೆಗೆ ಹೋಗುವುದು ತಪ್ಪುತ್ತದೆ.

ಲೈಸೆನ್ಸ್ ಇರುವ ವೈರ್‌ಮ್ಯಾನ್ ಕರೆಸಿ 5 ಕೆವಿಎಆರ್ ಕೆಪಾಸಿಟರ್ ಹಾಕಿಸಿದೆ. ನಮ್ಮದು ಸ್ಟಾರ್-ಡೆಲ್ಟಾ ಸ್ಟಾರ್ಟರ್, ಮೊದಲು ಸ್ಟಾರ್‌ನಲ್ಲಿ ಮೆಲ್ಲಗೆ ಶುರುವಾಗಿ ಆಮೇಲೆ ಡೆಲ್ಟಾಗೆ ಬರುತ್ತದೆ. ಹಾಗಾಗಿ ಕೆಪಾಸಿಟರಿಗೆ ಬೇರೆ ಕಾಂಟ್ಯಾಕ್ಟರ್, ಅಂದರೆ ತಾನೇ ಸೇರಿ ಬಿಡುವ ಸ್ವಿಚ್. ಡೆಲ್ಟಾಗೆ ಬಂದ ಮೇಲೆ ಸೇರುತ್ತದೆ, ಮೋಟಾರ್ ನಿಂತರೆ ಬಿಡುತ್ತದೆ.

ಆಮೇಲೆ ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಾಕಿದೆ. ಮೊದಲಿನ ಹಾಗೇ 14 ಆಂಪಿಯರ್! ದುಡ್ಡು ದಂಡ ಅಂತ ರೇಗಿದೆ.

"ಅಣ್ಣ, ಕೆಪಾಸಿಟರ್ ದಾಟಿ ಸ್ಟಾರ್ಟರ್ ಹತ್ತಿರ ಹಿಡಿದರೆ ಹಂಗೇ ತೋರಿಸೋದು. ಮೀಟರ್ ಕಡೆ ವೈರಿಗೆ ಹಾಕಿ ನೋಡಿ" ಅಂದ ವೈರ್‌ಮ್ಯಾನ್.

ಅಲ್ಲಿ 10 ಚಿಲ್ಲರೆ! ಮೋಟಾರಿನ ಕೈಗಡ ಒಂದಿಷ್ಟೂ ಇಳಿದಿರಲಿಲ್ಲ, ಕೊಡುವವರು ಬದಲಾಗಿದ್ದರು. ಮೀಟರಿನಲ್ಲಿ ಪವರ್ ಫ್ಯಾಕ್ಟರ್ 0.95 ತೋರಿಸಿತು. ಪವರ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಇರುತ್ತದೆ, ಕೂಡಲೇ ಕೈ ಇಡಬೇಡಿ ಅಂತ ಆತ ಎರಡು ಸಲ ಹೇಳಿಯೇ ಹೋದ.

ಮುಂದಿನ ಬಿಲ್ಲಿನಲ್ಲಿ ದಂಡ ಇರಲಿಲ್ಲ. ಯೂನಿಟ್ ಮಾತ್ರ ಹೆಚ್ಚುಕಮ್ಮಿ ಅಷ್ಟೇ. ಮನೆಗೆ ಅಂತ ಭಾವ ತಂದ 'ಕರೆಂಟ್ ಉಳಿಸುವ' ಪ್ಲಗ್ ಡಬ್ಬಿಯನ್ನು ಬಿಚ್ಚಿದೆ. ಒಳಗೆ ಒಂದು ಪುಟ್ಟ ಕೆಪಾಸಿಟರ್, ಒಂದು ಹಸಿರು ಲೈಟ್. ಮನೆ ಮೀಟರ್ ಲೆಕ್ಕ ಹಾಕುವುದು ಯೂನಿಟ್ಟನ್ನು, ಕೈಗಡವನ್ನಲ್ಲ ಅಂದೆ. ಭಾವನಿಗೆ ಇನ್ನೂ ನಂಬಿಕೆ ಬಂದಿಲ್ಲ.