ಹಾಜರಿ ಪುಸ್ತಕದ ಎರಡು ಅಂಕಣಗಳು

ಡಯಾಲಿಸಿಸ್ ಮಾಡಿಸಿಕೊಳ್ಳುವವರ ತೋಳಿನಲ್ಲಿ ಎರಡು ರಕ್ತನಾಳಗಳನ್ನು ಶಸ್ತ್ರಚಿಕಿತ್ಸೆಯಿಂದ ಜೋಡಿಸಿದ ಒಂದು ಜಾಗವಿರುತ್ತದೆ. ಅದನ್ನು ಫಿಸ್ಟುಲಾ ಎನ್ನುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಚರ್ಮದ ಅಡಿಯಲ್ಲಿ ದುಂಬಿಯೊಂದು ಸಿಕ್ಕಿಹಾಕಿಕೊಂಡಂತೆ ಝುಂ ಎಂಬ ಕಂಪನ ಕೈಗೆ ತಾಗುತ್ತದೆ. ಆ ಕಂಪನ ನಿಂತರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ಆಸ್ಪತ್ರೆಗೆ ಓಡಬೇಕು; ಆದ್ದರಿಂದ ದಿನವೂ ಬೆಳಿಗ್ಗೆ ಮುಟ್ಟಿ ನೋಡಬೇಕೆಂದು ಮೊದಲ ವಾರದಲ್ಲೇ ನರ್ಸ್ ಹೇಳಿಕೊಟ್ಟಿದ್ದರು. 2016ರಿಂದ 2023ರ ಜನವರಿಯವರೆಗೆ ನನ್ನ ಮನೆಯವರ ಎಡಗೈಯನ್ನು ಹೀಗೆ ಮುಟ್ಟುವುದೇ ನನ್ನ ದಿನದ ಮೊದಲ ಕೆಲಸವಾಗಿತ್ತು. ಶಿಲುಬೆಯ ಗುರುತು ಹಾಕುವುದು ಆಮೇಲೆ. ಈ ಕ್ರಮ ಸರಿಯಲ್ಲವೆಂದು ಮೊದಮೊದಲು ಅಳುಕಾಗುತ್ತಿತ್ತು. ಕೊನೆಯ ವರ್ಷಗಳಲ್ಲಿ ಇವೆರಡನ್ನೂ ಬೇರೆ ಮಾಡಿ ನೋಡುವುದೇ ನನ್ನಿಂದ ಆಗುತ್ತಿರಲಿಲ್ಲ.

ನಮ್ಮದು ಕಾಸರಗೋಡು ಜಿಲ್ಲೆಯ ಬೇಳ. 1890ರಷ್ಟು ಹಳೆಯ ಶೋಕಮಾತೆ ಮರಿಯಮ್ಮನ ಇಗರ್ಜಿ, ಅಂದರೆ ಚರ್ಚು, ಇರುವ ಊರು. ಮನೆಯಲ್ಲಿ ಕೊಂಕಣಿ, ಸರಕಾರಿ ಕಚೇರಿಯಲ್ಲಿ ಮಲಯಾಳ, ಅಂಗಡಿಯಲ್ಲಿ ತುಳು ಆಡುವ ನಾನು ಮೂವತ್ತು ವರ್ಷ ಕನ್ನಡ ಮಾಧ್ಯಮದ ಶಾಲೆಯಲ್ಲಿ ಕನ್ನಡ ಕಲಿಸಿದವಳು. ಲೆಕ್ಕವಾಗಲಿ, ಪತ್ರವಾಗಲಿ, ಪಾಪನಿವೇದನೆಗೆ ಮಾಡಿಕೊಳ್ಳುವ ಪಟ್ಟಿಯಾಗಲಿ, ಬರೆಯಲು ಕೂತರೆ ನನಗೆ ಬರುವುದು ಕನ್ನಡವೇ. ಮನೆಯವರು ಅಡಿಕೆ ಕೃಷಿಕರು. ಇಬ್ಬರೂ ಇಗರ್ಜಿಯ ಭಾನುವಾರದ ಬಲಿಪೂಜೆ (ಮಾಸ್) ತಪ್ಪಿಸದ, ಸಂಜೆಯ ಜಪಸರ ಬಿಡದ ಜನ. ಇಷ್ಟಿದ್ದರೂ ಅವರ ಮೂತ್ರಪಿಂಡಗಳು ಕೈಕೊಟ್ಟಾಗ ನಮ್ಮ ಭಕ್ತಿಯಲ್ಲಿ ಆ ಹೊತ್ತಿಗೆ ಒದಗುವಂಥದ್ದು ಬಹಳ ಕಡಿಮೆ ಇದೆ ಎಂಬುದು ನನಗೆ ಬೇಗನೆ ಗೊತ್ತಾಯಿತು.

ವಾರಕ್ಕೆ ಮೂರು ದಿನ, ಮಂಗಳವಾರ, ಗುರುವಾರ ಮತ್ತು ಶನಿವಾರ, ಕುಂಬಳೆಯಿಂದ ರೈಲು ಹಿಡಿದು ಮಂಗಳೂರಿಗೆ ಹೋಗಬೇಕು. ನಾಲ್ಕು ತಾಸು ಯಂತ್ರದ ಪಕ್ಕದಲ್ಲಿ ಕಾಯಬೇಕು. ತಲೆಸುತ್ತುವ ಗಂಡಸನ್ನು ಆನಿಸಿಕೊಂಡು ಮತ್ತೆ ರೈಲು ಹತ್ತಬೇಕು. ಮನೆಯಲ್ಲಿ ದಿನಕ್ಕೆ ಮುಕ್ಕಾಲು ಲೀಟರ್ ನೀರು, ಅದರಲ್ಲೇ ಚಹಾ, ಮಾತ್ರೆ ನುಂಗುವ ನೀರು, ಸಾರು ಎಲ್ಲವೂ ಸೇರಬೇಕು. ಹುಟ್ಟಿದಂದಿನಿಂದ ಕುಚ್ಚಲಕ್ಕಿ ಗಂಜಿ ಉಂಡವರಿಗೆ ಗಂಜಿಯ ತೆಳಿಯನ್ನೂ ಅಳೆದು ಕೊಡಬೇಕಾಗಿ ಬಂದದ್ದು ಸಣ್ಣ ಸಂಗತಿಯಲ್ಲ. ತರಕಾರಿಯನ್ನು ಹೆಚ್ಚಿ, ಬೇಯಿಸಿ, ಪೊಟ್ಯಾಸಿಯಂ ಇಳಿಯಲೆಂದು ನೀರು ಬಸಿದು ಆಮೇಲೆ ಒಗ್ಗರಣೆ ಹಾಕಬೇಕು. ಸೀಯಾಳವಂತೂ, ನಮ್ಮ ಬಾಯಲ್ಲಿ ಬೊಂಡ, ಪೂರ್ತಿ ವರ್ಜ್ಯ. ನಮ್ಮ ಅಂಗಳದ ಸುತ್ತ ಇಪ್ಪತ್ತು ತೆಂಗಿನ ಮರಗಳಿವೆ. ಅವರ ಕಣ್ಣೆದುರು ಬೊಂಡ ಕೆತ್ತುವುದು ಬೇಡವೆಂದು ಮನೆಯಲ್ಲಿ ಎಲ್ಲರೂ ಅದನ್ನು ಬಿಟ್ಟೆವು. ಯಾರೂ ಹೀಗೆ ಮಾಡೋಣವೆಂದು ಮಾತಾಡಿಕೊಂಡದ್ದಿಲ್ಲ.

ಮೊದಲ ಎರಡು ವರ್ಷ ನನ್ನಲ್ಲಿ ಸಂತೋಷವೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಆದರೆ ಇವೆರಡೂ ಇರುವವಳಂತೆ ನಡೆದುಕೊಳ್ಳುವ ಅಭ್ಯಾಸ ಚೆನ್ನಾಗಿತ್ತು. ನೋಡಲು ಬಂದವರು, ಹೊರಲಾರದ ಭಾರವನ್ನು ದೇವರು ಯಾರಿಗೂ ಕೊಡುವುದಿಲ್ಲ ಟೀಚರ್, ಎನ್ನುತ್ತಿದ್ದರು. ಈ ಮಾತು ಬೈಬಲಿನಲ್ಲಿ ಹೀಗೆ ಇಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹತ್ತನೆಯ ಅಧ್ಯಾಯದಲ್ಲಿ ಸಂತ ಪೌಲ ಹೇಳುವುದು ಪಾಪಕ್ಕೆ ಸೆಳೆಯುವ ಶೋಧನೆಯ ಬಗ್ಗೆ, ರೋಗದ ಬಗ್ಗೆ ಅಲ್ಲ. ಹೊರಲಾರದಷ್ಟು ಭಾರ ಬಿದ್ದು ಬದುಕುವ ಆಸೆಯನ್ನೇ ಬಿಟ್ಟಿದ್ದೆವೆಂದು ಅದೇ ಪೌಲ ಎರಡನೆಯ ಪತ್ರದ ಆರಂಭದಲ್ಲೇ ಬರೆದುಕೊಂಡಿದ್ದಾನೆ. ಆಗ ನನಗೆ ಇದು ತಿಳಿದಿರಲಿಲ್ಲ, ತಲೆಯಾಡಿಸಿ ಚಹಾ ಕೊಡುತ್ತಿದ್ದೆ. ಒಂದು ಧ್ಯಾನಕೂಟಕ್ಕೂ ಹೋಗಿಬಂದೆವು. ಗುಣವಾಗದಿರುವುದು ವಿಶ್ವಾಸದ ಕೊರತೆಯಿಂದ ಎಂದು ಅಲ್ಲಿ ಒಬ್ಬರು ಹೇಳಿದರು. ಮನೆಗೆ ಬರುವವರೆಗೂ ಮನೆಯವರು ತುಟಿ ಬಿಚ್ಚಲಿಲ್ಲ. ಮತ್ತೊಬ್ಬ ಹಿತೈಷಿಯ ಸಲಹೆಯಂತೆ ದಿನಕ್ಕೆ ಹತ್ತು ಕೃತಜ್ಞತೆಗಳನ್ನು ಬರೆಯಲು ತೊಡಗಿದೆ. ಗಾಳಿ, ಬೆಳಕು, ಮನೆ, ಮಕ್ಕಳು ಎಂದು ನಾಲ್ಕು ದಿನ ಬರೆದ ಮೇಲೆ, ಮೇಷ್ಟ್ರ ಕಣ್ಣಿಗೆ ಮಣ್ಣೆರಚಲು ಹುಡುಗರು ಬರೆದು ತರುವ ಪ್ರಬಂಧದಂತೆ ಅದು ನನಗೇ ಕಂಡಿತು. ಸುಳ್ಳಿನ ಮೇಲೆ ಪ್ರಾರ್ಥನೆ ಕಟ್ಟುವುದು ಸಾಧ್ಯವಿರಲಿಲ್ಲ.

2018ರ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳಲ್ಲಿ, ಡಯಾಲಿಸಿಸ್ ಕೋಣೆಯ ಹೊರಗಿನ ಕುರ್ಚಿಯಲ್ಲಿ ಕೂತು, ದಿನಕ್ಕೆ ನಾಲ್ಕರಂತೆ ಬೈಬಲಿನ ಕೀರ್ತನೆಗಳನ್ನು ಮೊದಲಿನಿಂದ ಓದತೊಡಗಿದೆ. ಹದಿಮೂರನೆಯದಕ್ಕೆ ಬಂದಾಗ ಓದು ನಿಂತಿತು. ಆರು ಚರಣಗಳ ಆ ಪುಟ್ಟ ಹಾಡಿನ ಮೊದಲೆರಡು ಚರಣಗಳಲ್ಲೇ ಎಷ್ಟರವರೆಗೆ ಎಂಬ ಪ್ರಶ್ನೆ ನಾಲ್ಕು ಬಾರಿ ಬರುತ್ತದೆ, ಅದನ್ನು ನೇರವಾಗಿ ದೇವರಿಗೇ ಕೇಳಲಾಗಿದೆ. ಹೀಗೆ ಕೇಳಿದವನೇ ಕೊನೆಯಲ್ಲಿ ಹಾಡುತ್ತೇನೆ ಎನ್ನುತ್ತಾನೆ. ಎಂಬತ್ತೆಂಟನೆಯದಂತೂ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ, ಹಾಗಿದ್ದೂ ಪವಿತ್ರ ಗ್ರಂಥದಲ್ಲಿ ಉಳಿದಿದೆ. ಬಾಲ್ಯದಿಂದ ನೋಡಿದ ನಮ್ಮ ಇಗರ್ಜಿಯ ಶೋಕಮಾತೆ ನೆನಪಾದಳು. ನಗುತ್ತಿರುವ ಮಾತೆಯ ಬದಲು ಎದೆಗೆ ಅಲಗು ನೆಟ್ಟ ಮಾತೆಯ ಮುಂದೆ ನಾವು ಮದುವೆಯಾಗಿದ್ದೆವು, ಮಕ್ಕಳಿಗೆ ಹೆಸರಿಟ್ಟಿದ್ದೆವು. ಇದರ ಅರ್ಥವೇನೆಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಶಾಲೆಯಿಂದ ತಂದಿದ್ದ ಹಳೆಯ, ಬಳಸದ ಹಾಜರಿ ಪುಸ್ತಕವೊಂದು ಮನೆಯಲ್ಲಿತ್ತು. ಅದರ ಪುಟಕ್ಕೆ ನಡುವೆ ಗೆರೆ ಎಳೆದು ಎಡಕ್ಕೆ ದೂರು, ಬಲಕ್ಕೆ ದೊರೆತದ್ದು ಎಂದು ಬರೆದೆ. ರಾತ್ರಿ ಜಪಸರವಾದ ಮೇಲೆ ಮೊದಲು ದೂರನ್ನು ಬರೆಯಬೇಕು, ಅದನ್ನು ದೇವರನ್ನೇ ಉದ್ದೇಶಿಸಿ ಬರೆಯಬೇಕು, ಜನರ ಮೇಲೆ ಚಾಡಿ ಹೇಳುವಂತಿರಬಾರದು. ಬಲಗಡೆ ಬರೆಯುವುದು ಆ ದಿನವೇ ಕಂಡ, ಕೇಳಿದ ಅಥವಾ ಮುಟ್ಟಿದ ವಸ್ತುವಾಗಿರಬೇಕು. ಆರೋಗ್ಯ, ಕೃಪೆ ಮುಂತಾದ ದೊಡ್ಡ ಮಾತುಗಳಿಗೆ ಅಲ್ಲಿ ಜಾಗವಿಲ್ಲ. ಬರೆಯಲು ಏನೂ ಸಿಗದಿದ್ದರೆ ಗೈರುಹಾಜರಿ ಎಂದು ಗುರುತು ಹಾಕಿ ಮಲಗಬೇಕು. ಮೊದಲ ತಿಂಗಳು ಬಲಗಡೆ ಹನ್ನೊಂದು ಗೈರುಹಾಜರಿಗಳಿದ್ದವು. ಎಡಗಡೆ ಒಂದೂ ಇರಲಿಲ್ಲ.

ಇದರಿಂದ ಆದದ್ದನ್ನು ಉಬ್ಬಿಸಿ ಹೇಳಬಾರದು. ದೂರಿಗೆ ಒಂದು ಜಾಗ ಸಿಕ್ಕಿದ್ದರಿಂದ ಅದು ದಿನವಿಡೀ ಬಾಯಿಗೆ ಬರುವುದು ಕಡಿಮೆಯಾಯಿತು, ಮನೆಯವರ ಮೇಲೆ ರೇಗುವುದು ಕಡಿಮೆಯಾಯಿತು. ರಾತ್ರಿ ಬರೆಯಲು ಏನಾದರೂ ಬೇಕಲ್ಲ ಎಂಬ ಕಾರಣಕ್ಕೆ ಹಗಲಿನಲ್ಲಿ ಕಣ್ಣು ಹುಡುಕತೊಡಗಿತು. ಸಂತೋಷವಂತೂ ಹೇಳದೆ ಕೇಳದೆ ಬಂತು. ಬಾಯಾರಿಕೆಗೆ ನೀರಿನ ಬದಲು ಮಂಜುಗಡ್ಡೆಯ ಚೂರು ಚೀಪಬಹುದೆಂದು ನರ್ಸ್ ಹೇಳಿದ್ದರು. ಸಂಜೆ ಐದಕ್ಕೆ ಒಂದು ತಟ್ಟೆಯಲ್ಲಿ ಎರಡು ಚೂರು ಇಡುತ್ತಿದ್ದೆ. ಅವರು ಕನ್ನಡಕ ಹಾಕಿಕೊಂಡು, ಅಡಿಕೆ ವ್ಯಾಪಾರಿ ಮಾದರಿ ಅಡಿಕೆ ನೋಡುವಂತೆ ಎರಡನ್ನೂ ತಿರುಗಿಸಿ, ಇದು ಹಳೆಯದು, ಇದು ಚಾಲಿ, ಇದಕ್ಕೆ ರೇಟು ಜಾಸ್ತಿ ಎಂದು ಒಂದನ್ನು ಆರಿಸುತ್ತಿದ್ದರು. ಅಷ್ಟರಲ್ಲಿ ಅದು ಅರ್ಧ ಕರಗಿರುತ್ತಿತ್ತು. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಮರುವರ್ಷದ ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಕನ್ಯಾಮರಿಯಮ್ಮನವರ ಹುಟ್ಟುಹಬ್ಬದ ದಿನ, ಪದ್ಧತಿಯಂತೆ ಬೆಸ ಸಂಖ್ಯೆಯಲ್ಲಿ ಏಳು ಬಗೆ ತರಕಾರಿ ಮಾಡಿದೆ: ಅಂಬಟೆ ಹಾಕಿದ ಕೆಸುವಿನ ದಂಟು, ಅಲಸಂಡೆ, ಬೆಂಡೆ, ಹಾಗಲ, ಪಡುವಲ, ಹೀರೆ, ಹರಿವೆ. ಅವರ ಪಾಲಿನ ಏಳನ್ನೂ ಬೇರೆ ಬೇರೆ ಬೇಯಿಸಿ ನೀರು ಬಸಿಯುವ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು. ಹೊಸ ತೆನೆಯ ಅಕ್ಕಿ ಹಾಕಿದ ತೆಂಗಿನ ಹಾಲನ್ನು ಅವರಿಗೆ ಒಂದೇ ಚಮಚ ಕೊಟ್ಟೆ. ಏಳು ಬಾರಿ ಸ್ನಾನ ಮಾಡಿಸಿದ ತರಕಾರಿ, ನನಗಿಂತ ಶುದ್ಧವಾಗಿದೆ, ಎಂದರು. ಆ ರಾತ್ರಿ ಬಲಗಡೆ ಈ ಮಾತನ್ನೇ ಬರೆದೆ.

ಸಂತೃಪ್ತಿಯ ಬಗ್ಗೆ ನನಗೆ ನಿಜವಾಗಿ ಪಾಠ ಹೇಳಿದ್ದು ಫಿಲಿಪ್ಪಿಯವರಿಗೆ ಪೌಲ ಸೆರೆಯಿಂದ ಬರೆದ ಪತ್ರ. ನಾಲ್ಕೇ ಅಧ್ಯಾಯಗಳ ಆ ಪತ್ರದಲ್ಲಿ ಸಂತೋಷಪಡಿರಿ ಎಂಬ ಮಾತು ಮತ್ತೆ ಮತ್ತೆ ಬರುವುದರಿಂದ ಅದನ್ನು ಆನಂದದ ಪತ್ರವೆನ್ನುತ್ತಾರೆ. ಸೆರೆಯಲ್ಲಿದ್ದವನೊಬ್ಬ ಹೊರಗಿದ್ದವರಿಗೆ ಇದನ್ನು ಬರೆದನೆಂಬುದು ಬೋಧನೆಗಳಲ್ಲಿ ಸಾಕಷ್ಟು ಕೇಳಿಬರುವ ಮಾತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಅವನಿಗೆ ಫಿಲಿಪ್ಪಿಯ ಸಭೆಯ ಕೊಡುಗೆಯನ್ನು ತಂದ ಎಪಫ್ರೊದೀತನೆಂಬವನು ಕಾಯಿಲೆ ಬಿದ್ದು ಸಾಯುವ ಸ್ಥಿತಿ ತಲುಪಿದ್ದ. ಅವನು ಬದುಕಿ ಉಳಿದದ್ದರಿಂದ ನನಗೆ ದುಃಖದ ಮೇಲೆ ದುಃಖ ಬರುವುದು ತಪ್ಪಿತು ಎಂದು ಪೌಲ ಎರಡನೆಯ ಅಧ್ಯಾಯದಲ್ಲಿ ಒಪ್ಪಿಕೊಳ್ಳುತ್ತಾನೆ. ಅವನಿಗೆ ಆಗಲೇ ಒಂದು ದುಃಖವಿತ್ತು ಎಂದಾಯಿತು. ಆನಂದದ ಪತ್ರದ ಒಳಗೇ ಅದನ್ನು ಬಚ್ಚಿಡದೆ ಬರೆದಿದ್ದಾನೆ. ಕೊನೆಯ ಅಧ್ಯಾಯದಲ್ಲಿ, ಯಾವ ಸ್ಥಿತಿಯಲ್ಲಿದ್ದರೂ ತೃಪ್ತನಾಗಿರಲು ಕಲಿತಿದ್ದೇನೆ ಎನ್ನುತ್ತಾನೆ. ಕಲಿತಿದ್ದೇನೆ ಎಂಬ ಕ್ರಿಯಾಪದವನ್ನು ಮೂವತ್ತು ವರ್ಷ ಪಾಠ ಮಾಡಿದವಳು ಗಮನಿಸದಿರುವುದು ಹೇಗೆ? ಕಲಿತದ್ದಾದರೆ ಅದಕ್ಕೆ ಮೊದಲು ಬಾರದಿದ್ದ ಕಾಲವೊಂದಿತ್ತು, ತಪ್ಪುಗಳಿದ್ದವು, ತಿದ್ದಿ ಬರೆದ ಪುಟಗಳಿದ್ದವು. ಇದರ ಬೆನ್ನಿಗೇ ಬರುವ, ನನ್ನನ್ನು ಬಲಪಡಿಸುವವನಿಂದ ಎಲ್ಲವನ್ನೂ ಮಾಡಬಲ್ಲೆ ಎಂಬ ವಾಕ್ಯವನ್ನು ಕ್ಯಾಲೆಂಡರಿನ ಮೇಲೂ ಪರೀಕ್ಷೆಗೆ ಹೋಗುವ ಮಕ್ಕಳ ಪೆನ್ನಿನ ಡಬ್ಬಿಯ ಮೇಲೂ ಅಂಟಿಸುವುದನ್ನು ನೋಡಿದಾಗ ನನಗೆ ಈಗಲೂ ಕೊಂಚ ಕಿರಿಕಿರಿಯಾಗುತ್ತದೆ, ಏಕೆಂದರೆ ಅಲ್ಲಿ ಅವನು ಹೇಳುತ್ತಿರುವುದು ಗೆಲ್ಲುವುದನ್ನಲ್ಲ. ಹಸಿವಿನಲ್ಲೂ ಇರಬಲ್ಲೆ, ತುಂಬಿದ ಹೊಟ್ಟೆಯಲ್ಲೂ ಇರಬಲ್ಲೆ ಎಂಬುದನ್ನು.

ಈ ಕಲಿಕೆಗೆ ದೊಡ್ಡ ಪರೀಕ್ಷೆ 2020ರ ಮಾರ್ಚ್ ಕೊನೆಯ ವಾರದಲ್ಲಿ ಬಂತು. ಕೊರೋನಾದಿಂದ ರೈಲು ನಿಂತಿತು, ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಕಾಯಿಲೆಯೆಂದರೆ ಮಂಗಳೂರು ಎಂದೇ ಬದುಕಿದ್ದ ನಮ್ಮ ಕಡೆಯವರಿಗೆ ಒಂದೇ ರಾತ್ರಿಯಲ್ಲಿ ಆ ಊರು ಪರದೇಶವಾಯಿತು. ನಾವು ಹತ್ತಿದ್ದ ಆಂಬುಲೆನ್ಸ್ ತಲಪಾಡಿಯಿಂದ ಹಿಂದಿರುಗಿತು. ಶನಿವಾರ ಆದ ಡಯಾಲಿಸಿಸ್ ಮತ್ತೆ ಆದದ್ದು ಗುರುವಾರ, ಅದೂ ದಕ್ಷಿಣಕ್ಕೆ ಹೊಸದುರ್ಗದ ಕಡೆಯ ಒಂದು ಆಸ್ಪತ್ರೆಯಲ್ಲಿ. ಬುಧವಾರ ರಾತ್ರಿ ಅವರಿಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಬೆನ್ನಿಗೆ ದಿಂಬುಗಳನ್ನು ಇಟ್ಟು ಬೆಳಗಿನವರೆಗೆ ಕೂರಿಸಿದೆ. ಎಡಗಡೆಯ ಅಂಕಣದಲ್ಲಿ ಎಷ್ಟರವರೆಗೆ ಎಂದು ನಾಲ್ಕು ಸಲ ಬರೆದೆ, ಮುಂದೆ ಏನೂ ಬರೆಯಲಾಗಲಿಲ್ಲ. ಬಲಗಡೆ, ಕೂತು ಉಸಿರಾಡುತ್ತಿದ್ದಾರೆ, ಝುಂ ಇದೆ ಎಂದಷ್ಟೇ ಇದೆ. ಅದೇ ರಾತ್ರಿ ಪಂಚಾಯತ್ ಸದಸ್ಯರಿಗೆ ಏಳು ಬಾರಿ ಫೋನ್ ಮಾಡಿದ್ದೆ. ದೇವರ ಮುಂದೆ ದೂರು ಬರೆದವಳು ಮನುಷ್ಯರ ಮುಂದೆ ಸುಮ್ಮನಿರಬೇಕೆಂದು ನನಗೆ ಎಂದೂ ಅನ್ನಿಸಿಲ್ಲ. ಹೊಸದುರ್ಗಕ್ಕೆ ಕರೆದೊಯ್ದ ಜೀಪಿನವರು ನಮ್ಮ ನೆರೆಯ ಬ್ಯಾರಿ ಮುಸ್ಲಿಂ ಹುಡುಗ, ನನ್ನ ಹಳೆಯ ವಿದ್ಯಾರ್ಥಿ. ಡೀಸೆಲಿನ ದುಡ್ಡು ಬಿಟ್ಟು ಬೇರೆ ಏನನ್ನೂ ಮುಟ್ಟಲಿಲ್ಲ. ಏಪ್ರಿಲ್ 11ರ ಪವಿತ್ರ ಶನಿವಾರ ಅಲ್ಲಿಂದ ಮರಳುವಾಗ ರಾತ್ರಿಯಾಗಿತ್ತು. ಇಗರ್ಜಿ ಮುಚ್ಚಿತ್ತು, ಪಾಸ್ಖದ, ಅಂದರೆ ಈಸ್ಟರಿನ, ಜಾಗರಣೆ ಟಿವಿಯಲ್ಲಿ ಮುಗಿದೇಹೋಗಿತ್ತು. ಅಡುಗೆಮನೆಯಲ್ಲಿ ಒಂದು ಮೇಣದ ಬತ್ತಿ ಹಚ್ಚಿ, ತಪಸ್ಸುಕಾಲದ ನಲವತ್ತು ದಿನ ಹಾಡದಿದ್ದ ಅಲ್ಲೆಲೂಯವನ್ನು ನಾವಿಬ್ಬರೇ ಹಾಡಿದೆವು. ಅವರ ಸ್ವರ ಕುಸಿದಿತ್ತು, ನನಗೆ ಶ್ರುತಿಯ ಗೊಡವೆ ಮೊದಲಿನಿಂದಲೂ ಇಲ್ಲ. ಅಷ್ಟು ಸಂತೋಷದ ಪಾಸ್ಖವನ್ನು ನಾನು ಬೇರೆ ಕಂಡಿಲ್ಲ.

ಆ ಮಳೆಗಾಲ ತೋಟಕ್ಕೆ ಮದ್ದು ಬಿಡುವವರು ಸಮಯಕ್ಕೆ ಸಿಗದೆ ಮಹಾಳಿ ಎಂಬ ಕೊಳೆರೋಗ ಹಿಡಿದು ಅರ್ಧಕ್ಕರ್ಧ ಅಡಿಕೆ ನೆಲಕ್ಕೆ ಬಿತ್ತು. ಅಂಜೂರ ಚಿಗುರದಿದ್ದರೂ, ಹೊಲ ಬೆಳೆಯದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ದೇವರಲ್ಲಿ ಹಿಗ್ಗುವೆನೆಂದು ಪ್ರವಾದಿ ಹಬಕ್ಕೂಕ ಹಾಡಿದ್ದನ್ನು ಮನೆಯವರು ಅಂಜೂರದ ಜಾಗದಲ್ಲಿ ಅಡಿಕೆ ಸೇರಿಸಿ ಓದಿಸಿಕೊಂಡರು. ಆಮೇಲೆ, ಅವನಿಗೆ ಸೊಸೈಟಿಯ ಸಾಲ ಇದ್ದಿರಲಿಕ್ಕಿಲ್ಲ, ಎಂದರು.

2023ರ ಜನವರಿಯ ಒಂದು ಬೆಳಿಗ್ಗೆ ಬೆರಳಿಟ್ಟಾಗ ಝುಂ ಇರಲಿಲ್ಲ, ಕೈ ತಣ್ಣಗಿತ್ತು. ಆ ದಿನದಿಂದ ಮೇ ತಿಂಗಳವರೆಗೆ ಪುಸ್ತಕದ ಎರಡೂ ಅಂಕಣಗಳು ಖಾಲಿ, ಗೈರುಹಾಜರಿಯ ಗುರುತು ಕೂಡ ಇಲ್ಲ. ಇಷ್ಟು ವರ್ಷ ಕಲಿತದ್ದು ಎಲ್ಲಿ ಹೋಯಿತೆಂದು ಆಗ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಜಪಸರವನ್ನು ಮಗಳು ಹೇಳುತ್ತಿದ್ದಳು, ನಾನು ಮಣಿಗಳನ್ನು ಸರಿಸುತ್ತಿದ್ದೆ. ನನ್ನ ಪಾಲಿನ ಪ್ರಾರ್ಥನೆಯನ್ನು ಬೇರೆಯವರು ಮಾಡಿದ ನಾಲ್ಕು ತಿಂಗಳು ಅವು. ಬೆಳಿಗ್ಗೆ ಎಚ್ಚರವಾದಾಗ ಕೈ ತಾನಾಗಿ ಪಕ್ಕದ ದಿಂಬಿನ ಕಡೆಗೆ ಹೋಗುತ್ತಿತ್ತು, ಈಗಲೂ ಕೆಲವೊಮ್ಮೆ ಹೋಗುತ್ತದೆ.

ಮೇ ತಿಂಗಳ ಬಿಸಿಲಿನಲ್ಲಿ ತೆಂಗಿನಕಾಯಿ ಕೀಳಲು ಬಂದವನು ಒಂದು ಗೊನೆ ಬೊಂಡ ಇಳಿಸಿ, ಒಂದನ್ನು ಕೆತ್ತಿ, ಕುಡಿಯಿರಿ ಟೀಚರ್, ಮುಖ ಬಾಡಿದೆ, ಎಂದು ಕೈಗೆ ಕೊಟ್ಟ. ಏಳು ವರ್ಷಗಳ ಮೇಲೆ ಅಂಗಳದಲ್ಲಿ ನಿಂತು ಬೊಂಡ ಕುಡಿದೆ, ಒಂದು ಹನಿಯನ್ನೂ ಅಳೆಯದೆ. ರಾತ್ರಿ ಪುಸ್ತಕ ತೆರೆದೆ. ಎಡಗಡೆ, ಇವತ್ತು ಬೊಂಡ ಕುಡಿದೆ ಎಂದು ಬರೆದೆ. ಸ್ವಲ್ಪ ಹೊತ್ತು ಕೂತಿದ್ದು ಬಲಗಡೆಯೂ ಅದನ್ನೇ ಬರೆದೆ.