ಟೂರ್‌ಗೆ ಹೋದಾಗ ದಿನಕ್ಕೊಂದು ಫೋಟೋ ರೂಲ್ ಕಲಿಯಿರಿ

ಟೂರ್ ಮುಗಿಸಿ ಬಂದು ನೋಡಿದರೆ ಫೋನ್ ತುಂಬಾ ಫೋಟೋ, ಆದರೆ ಎಲ್ಲದರಲ್ಲೂ ನಮ್ಮವರು ನಟ್ಟನಡುವೆ ಕಂಬದ ಹಾಗೆ ನಿಂತಿರುತ್ತಾರೆ, ಅಲ್ವಾ? ಎಲ್ಲಾ ರೂಲ್ ಒಟ್ಟಿಗೆ ಕಲಿಯೋಕೆ ಹೋಗಬೇಡಿ. ದಿನಕ್ಕೊಂದು ಸಾಕು.

ಮೊದಲ ದಿನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಆನ್ ಮಾಡಿ. ಎರಡು ಅಡ್ಡ ಗೆರೆ, ಎರಡು ಉದ್ದ ಗೆರೆ, ಒಟ್ಟು 9 ಮನೆ. ಗೆರೆಗಳು ಕೂಡುವ 4 ಜಾಗಗಳಲ್ಲಿ ಯಾವುದಾದರೂ ಒಂದರ ಹತ್ತಿರ ಮುಖ್ಯವಾದದ್ದನ್ನು ಇಡಿ. ಇದೇ ರೂಲ್ ಆಫ್ ಥರ್ಡ್ಸ್. (ಇದು ಕ್ಯಾಮೆರಾಗಿಂತ ಹಳೆಯದು, 1797ರಲ್ಲೇ ಚಿತ್ರಕಲೆಗೆ ಅಂತ ಬರೆದಿಟ್ಟದ್ದು.) ಕಡಲತೀರದಲ್ಲಿದ್ದೀರಾ? ಮೋಡ ಚೆನ್ನಾಗಿದ್ದರೆ ನೀರು ಆಕಾಶ ಸೇರುವ ಅಂಚನ್ನು ಕೆಳಗಿನ ಗೆರೆಗೆ ಕೂರಿಸಿ, ಅಲೆ ಚೆನ್ನಾಗಿದ್ದರೆ ಮೇಲಿನ ಗೆರೆಗೆ. ಅಂಚು ವಾಲಿದರೆ ಸಮುದ್ರವೇ ಒಂದು ಕಡೆಗೆ ಸುರಿದುಹೋಗುವ ಹಾಗೆ ಕಾಣುತ್ತದೆ! ಯಾರಾದರೂ ಬಲಕ್ಕೆ ನಡೆಯುತ್ತಿದ್ದರೆ ಅವರನ್ನು ಎಡಗಡೆ ಇಟ್ಟು ಮುಂದೆ ಜಾಗ ಬಿಡಿ.

ಮರುದಿನ ಗೆರೆಗಳನ್ನು ಹುಡುಕಿ. ದಾರಿ, ಬೇಲಿ, ಮೆಟ್ಟಿಲು ಯಾವುದಾದರೂ ಸರಿ, ಅದು ಫ್ರೇಮಿನ ಮೂಲೆಯಿಂದ ಶುರುವಾಗಿ ನೋಡುವವರ ಕಣ್ಣನ್ನು ಒಳಗೆ ಕರೆದುಕೊಂಡು ಹೋಗಬೇಕು. ಫೋನನ್ನು ಮಂಡಿ ಎತ್ತರಕ್ಕೆ ಇಳಿಸಿ ನೋಡಿ, ಅದೇ ದಾರಿ ಬೇರೆಯೇ ಕಾಣುತ್ತದೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಹಿನ್ನೆಲೆ ನೋಡುವ ಅಭ್ಯಾಸ. ಒಂದು ಇಡೀ ಪ್ರವಾಸದ ಫೋಟೋಗಳಲ್ಲಿ ನನ್ನ ಗೆಳೆಯನ ತಲೆಯಿಂದ ಮರ ಬೆಳೆದಿತ್ತು! ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಸಾಕಿತ್ತು.

ಕೆರೆಯಲ್ಲಿ ಬೆಟ್ಟದ ಪ್ರತಿಬಿಂಬ ಕಂಡರೆ ಮಾತ್ರ ಗ್ರಿಡ್ ಮರೆತು ನಡುವೆಯೇ ಇಡಿ. ರಾತ್ರಿ ರೂಮಿನಲ್ಲಿ ಸುಮ್ನೆ ಕೂತಾಗ ಆ ದಿನದ 5 ಫೋಟೋ ಆರಿಸಿ, ಬೇರೆ ಬೇರೆ ತರಹ ಕ್ರಾಪ್ ಮಾಡಿ ನೋಡಿ.