ಬೆಳಿಗ್ಗೆ ಶಿರಸಿಯ ಫಿಲ್ಟರ್, ಸಂಜೆ ಗೋಕರ್ಣದ ಎಸ್ಪ್ರೆಸೊ: ಒಂದು ದಿನದ ಕಾಫಿ ಸುತ್ತಾಟ ಹೇಗೆ?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಚಾ ಕುಡಿಯುವವರೇ ಜಾಸ್ತಿ. ಹವ್ಯಕರ ಮನೆಗೆ ಹೋದರೆ ಕಷಾಯ ಬರುತ್ತದೆ. ಹಾಗಿರುವಾಗ ಕಾಫಿ ಕುಡಿಯೋಕೆ ಅಂತಲೇ ಒಂದಿಡೀ ದಿನ ತಿರುಗುವುದು ಎಂದರೆ ಮನೆಯವರು ಮುಖ ಮುಖ ನೋಡುತ್ತಾರೆ. ನೋಡಲಿ. ಘಟ್ಟದ ಮೇಲೆ ಹಳೇ ಹೋಟೆಲಿನ ಫಿಲ್ಟರ್ ಕಾಫಿ, ಘಟ್ಟ ಇಳಿದರೆ ಕಡಲ ದಂಡೆಯಲ್ಲಿ ಮೆಷಿನ್ ಕಾಫಿ, ಅಂದರೆ ಪುಡಿಯ ಮೂಲಕ ಬಿಸಿನೀರನ್ನು ಒತ್ತಡದಲ್ಲಿ ಹಾಯಿಸಿ ಇಳಿಸುವ ಎಸ್ಪ್ರೆಸೊ. ನಡುವೆ ನೂರು ಕಿಲೋಮೀಟರ್ ಕೂಡ ಇಲ್ಲ. ದೊಡ್ಡ ಕಂಪನಿಗಳ ಸರಣಿ ಅಂಗಡಿಗೆ ಕಾಲಿಡದೆ ಎರಡೂ ಬಗೆ ನೋಡಿ ಬರಬಹುದು.

ಮೊದಲು ದಿನ ಗೊತ್ತು ಮಾಡಿಕೊಳ್ಳಿ. ಅಕ್ಟೋಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಮಳೆಗಾಲದಲ್ಲಿ ಗೋಕರ್ಣದ ಬೀಚ್ ಕೆಫೆಗಳು ಎಷ್ಟೋ ಮುಚ್ಚಿರುತ್ತವೆ. ಶಿವರಾತ್ರಿ ಮತ್ತು ಸಾಲು ರಜೆಯ ದಿನಗಳೂ ಬೇಡ. ಆ ಜನಜಂಗುಳಿಯಲ್ಲಿ ಕುರ್ಚಿ ಸಿಕ್ಕರೇ ದೊಡ್ಡದು, ರುಚಿ ನೋಡುವ ಮಾತು ಆಮೇಲೆ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟದ ದಾರಿ ಹತ್ತಿರ, ಬಸ್ಸೂ ಇವೆ. ಆದರೆ ರಸ್ತೆ ಕೆಲಸ, ಗುಡ್ಡ ಕುಸಿತ ಎಂದು ಈ ದಾರಿ ಆಗಾಗ ಬಂದ್ ಆಗುತ್ತದೆ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಬಂದ್ ಇದ್ದರೆ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ಎಂದು ಸುತ್ತು ಹಾಕಬೇಕು. ಆಗ ಒಂದು ಅಂಗಡಿ ಕೈಬಿಡುವುದೇ ಸರಿ. ಕಾರಿಗಿಂತ ಬಸ್ಸೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಘಟ್ಟದ ತಿರುವುಗಳಲ್ಲಿ ಸ್ಟಿಯರಿಂಗ್ ಹಿಡಿದವರಿಗೆ ಕಾಫಿಯ ನೆನಪೇ ಉಳಿಯುವುದಿಲ್ಲ. ರಾಜ್ಯದ ಮಹಿಳೆಯರಿಗಂತೂ ಶಕ್ತಿ ಯೋಜನೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಉಳಿಯಿತು!

ಎಷ್ಟು ಅಂಗಡಿ? ನಾಲ್ಕು ಸಾಕು. ಶಿರಸಿಯಲ್ಲಿ ಎರಡು, ಗೋಕರ್ಣದಲ್ಲಿ ಎರಡು. ಏಳೆಂಟು ಅಂಗಡಿ ಎಂದು ಹೊರಟರೆ ಐದನೆಯದರ ಹೊತ್ತಿಗೆ ನಾಲಿಗೆ ಮರಗಟ್ಟಿ, ಎದೆ ಡವಡವ ಎನ್ನುತ್ತಿರುತ್ತದೆ.

ಇನ್ನು ಮುಖ್ಯ ವಿಷಯ. ಒಂದು ಊರಿನ ಎರಡೂ ಅಂಗಡಿಯಲ್ಲಿ ಒಂದೇ ಬಗೆಯ ಕಾಫಿ ಹೇಳಿ. ಒಂದು ಕಡೆ ಫಿಲ್ಟರ್, ಇನ್ನೊಂದು ಕಡೆ ಐಸ್ ಹಾಕಿದ್ದು, ಮತ್ತೊಂದು ಕಡೆ ಚಾಕಲೇಟ್ ಸುರಿದದ್ದು ಕುಡಿದರೆ ಸುತ್ತಾಟ ಆಗುತ್ತದೆ, ಹೋಲಿಕೆ ಆಗುವುದಿಲ್ಲ. ಶಿರಸಿಯ ಎರಡೂ ಹೋಟೆಲಿನಲ್ಲಿ ಫಿಲ್ಟರ್ ಕಾಫಿ, ಗೋಕರ್ಣದ ಎರಡೂ ಕೆಫೆಯಲ್ಲಿ ಹಾಲಿಲ್ಲದ ಎಸ್ಪ್ರೆಸೊ, ಇಲ್ಲವೇ ಎರಡೂ ಕಡೆ ಹಾಲು ನೊರೆ ಹಾಕಿದ ಕ್ಯಾಪುಚಿನೊ. ಹೋಟೆಲಿನಲ್ಲಿ ಹೇಳುವಾಗಲೇ ‘ಸಕ್ಕರೆ ಬೇರೆ ಕೊಡಿ’ ಎಂದುಬಿಡಿ. ಇಲ್ಲದಿದ್ದರೆ ಕೇಳದೆಯೇ ಎರಡು ಚಮಚ ಬಿದ್ದಿರುತ್ತದೆ, ಆಮೇಲೆ ಪುಡಿಯ ರುಚಿ ಹುಡುಕಿದರೂ ಸಿಗುವುದಿಲ್ಲ. ಜೊತೆಗೊಬ್ಬರು ಇರಲಿ, ಪ್ರತಿ ಕಡೆ ಬೈಟು ಹೇಳಿ. ಕೆಫೆಯಲ್ಲಿ ಬೈಟು ನಡೆಯದಿದ್ದರೆ ಒಂದು ಕಾಫಿ, ಇನ್ನೊಂದು ಖಾಲಿ ಕಪ್ ಕೇಳಿ. ನಾಚಿಕೆ ಎಂಥದ್ದು?

ಶಿರಸಿಯಲ್ಲಿ ಬೆಳಿಗ್ಗೆ ಏಳರಿಂದ ಎಂಟೂವರೆಯೊಳಗೆ ಎರಡೂ ಹೋಟೆಲ್ ಮುಗಿಸಿ. ಬಸ್ ಸ್ಟ್ಯಾಂಡ್, ಮಾರಿಗುಡಿ ಸುತ್ತಮುತ್ತ ನಡೆದೇ ಹೋಗುವಷ್ಟು ದೂರದಲ್ಲಿ ಎರಡು ಆರಿಸಿಕೊಳ್ಳಬಹುದು. ಇಷ್ಟು ಬೇಗ ಯಾಕೆಂದರೆ ಆಗ ಡಿಕಾಕ್ಷನ್ ಹೊಸದು. ಗಂಟೆಗಟ್ಟಲೆ ಇಟ್ಟು ಮತ್ತೆ ಬಿಸಿ ಮಾಡಿದ ಡಿಕಾಕ್ಷನ್ ಘಮ ಕಳೆದುಕೊಂಡು ಕಹಿಯೊಂದನ್ನೇ ಉಳಿಸಿಕೊಳ್ಳುತ್ತದೆ. ಸಾಧ್ಯವಾದರೆ ಕಾಫಿ ಬೆರೆಸುವ ಕೌಂಟರ್ ಕಾಣುವ ಕಡೆ ಕೂತುಕೊಳ್ಳಿ. ಡಿಕಾಕ್ಷನ್ ಲೋಟದ ತಳದಲ್ಲಿ ಎಷ್ಟು ಬೆರಳು ಏರಿತು, ಹಾಲು ಒಲೆಯ ಮೇಲಿಂದ ನೇರ ಬಂತೋ ಅಥವಾ ಕೆನೆಗಟ್ಟಿ ಕೂತ ಪಾತ್ರೆಯಿಂದ ಬಂತೋ, ಎತ್ತಿ ಹೊಯ್ದಾಗ ನೊರೆ ಸಣ್ಣಗೆ ನಿಂತಿತೋ ದೊಡ್ಡ ಗುಳ್ಳೆಯಾಗಿ ಒಡೆಯಿತೋ ನೋಡಿ. ಲೋಟ ಮೇಜಿಗೆ ಬರುವ ಮೊದಲೇ ಅರ್ಧ ವಿಷಯ ಗೊತ್ತಾಗಿರುತ್ತದೆ.

ಮೊದಲ ಗುಟುಕು ಬಿಸಿಯಾಗಿ ಕುಡಿಯಿರಿ, ಅದು ಖುಷಿಗೆ. ಮೂರು ನಾಲ್ಕು ನಿಮಿಷ ಬಿಟ್ಟು ಇನ್ನೊಂದು ಗುಟುಕು, ಅದು ಪರೀಕ್ಷೆಗೆ. ಸುಡುವ ಬಿಸಿಯಲ್ಲಿ ಎಲ್ಲ ಕಾಫಿಯೂ ಚೆನ್ನಾಗಿಯೇ ಇರುತ್ತದೆ, ಆರಿದ ಮೇಲೆಯೇ ಬಣ್ಣ ಬಯಲು. ಹೋಟೆಲ್ ಕಾಫಿ ದಪ್ಪಗೆ, ಕಪ್ಪಗೆ, ಸುಟ್ಟ ಬೆಲ್ಲದ ವಾಸನೆ ಬಂದಂತಿದ್ದರೆ ಚಿಕೋರಿ ಕೈ ಮುಂದಿದೆ ಎಂದು ತಿಳಿಯಿರಿ. ಅದೊಂದು ಗಿಡದ ಹುರಿದ ಬೇರು, ಅದರಲ್ಲಿ ಕೆಫೀನ್ ಇಲ್ಲ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ 51 ಶೇಕಡಕ್ಕಿಂತ ಕಡಿಮೆ ಇರಬಾರದು ಎಂದು ನಮ್ಮಲ್ಲಿ ನಿಯಮವಿದೆ. ಹಾಗೆಂದು ಚಿಕೋರಿಯನ್ನು ಮೋಸ ಎನ್ನಬೇಡಿ. ನಾವು ಹೋಟೆಲ್ ಕಾಫಿ ಎಂದು ಬಾಯಿ ಚಪ್ಪರಿಸುವ ರುಚಿಯಲ್ಲಿ ಅದರ ಪಾಲು ದೊಡ್ಡದು.

ಘಟ್ಟ ಇಳಿಯುವ ಮೊದಲು ಹೊಟ್ಟೆ ತೀರಾ ತುಂಬಿಸಿಕೊಳ್ಳಬೇಡಿ, ತಿರುವಿನಲ್ಲಿ ಕಷ್ಟ. ಕುಮಟಾದಲ್ಲಿ ಇಳಿದು ಬನ್ಸ್ ತಿನ್ನಿ. ಬಾಳೆಹಣ್ಣಿನ ಸಿಹಿ ಇರುವುದರಿಂದ ಕಾಫಿ ಕುಡಿಯುವ ತುಸು ಮೊದಲು ಇದು ಬೇಡ, ಕುಮಟಾದಲ್ಲಿ ಕಾಫಿಯೂ ಬೇಡ. ನೀರು ಚೆನ್ನಾಗಿ ಕುಡಿಯಿರಿ.

ಗೋಕರ್ಣದಲ್ಲಿ ಲೆಕ್ಕವೇ ಬೇರೆ. ಒಂದು ಕೆಫೆ ರಥಬೀದಿ ಅಥವಾ ಕುಡ್ಲೆ ಬೀಚ್ ಕಡೆ, ಇನ್ನೊಂದು ಓಂ ಬೀಚ್ ಕಡೆ ಇಟ್ಟುಕೊಳ್ಳಿ. ಕುಡ್ಲೆಯಿಂದ ಓಂಗೆ ಗುಡ್ಡದ ಮೇಲೆ ಕಾಲುದಾರಿ ಇದೆ, ಸುಮಾರು ಅರ್ಧ ಗಂಟೆ. ಆ ನಡಿಗೆ ಎರಡು ಕಾಫಿಯ ನಡುವೆ ಬೇಕೇ ಬೇಕು. ಚಪ್ಪಲಿ ಗಟ್ಟಿ ಇರಲಿ, ಸ್ವಲ್ಪ ಚಿಲ್ಲರೆ ಕಾಸೂ ಇರಲಿ, ಫೋನ್ ನೆಟ್‌ವರ್ಕ್ ನಂಬಿ ಕೂತರೆ ಬಿಲ್ ಕಟ್ಟಲು ಪರದಾಡಬೇಕಾದೀತು. ‘ಕೆಫೆ’ ಎಂದು ಬೋರ್ಡ್ ಇದ್ದ ಮಾತ್ರಕ್ಕೆ ಮೆಷಿನ್ ಇರುತ್ತದೆ ಎಂದಲ್ಲ. ಕೆಲವು ಕಡೆ ಇನ್‌ಸ್ಟಂಟ್ ಪುಡಿಯನ್ನೇ ಕಲಕಿ ಫಿಲ್ಟರ್ ದರಕ್ಕಿಂತ ನಾಲ್ಕು ಪಟ್ಟು ಬಿಲ್ ಕೊಡುತ್ತಾರೆ. ಕೂರುವ ಮೊದಲೇ ಕೇಳಿ: ಬೀಜ ಎಲ್ಲಿಯದು, ಹುರಿದದ್ದು ಯಾವಾಗ? ಚಿಕ್ಕಮಗಳೂರು, ಕೊಡಗು ಎಂದು ಉತ್ತರ ಬಂದು, ಹುರಿದ ತಾರೀಖೂ ಹೇಳಿದರೆ ಧೈರ್ಯವಾಗಿ ಕೂತುಕೊಳ್ಳಿ. ‘ಮಾನ್ಸೂನ್ಡ್ ಮಲಬಾರ್’ ಇದ್ದರೆ ಬಿಡಬೇಡಿ. ಮಳೆಗಾಲದ ಕಡಲ ಗಾಳಿಗೆ ಹಸಿ ಬೀಜವನ್ನು ವಾರಗಟ್ಟಲೆ ಹರವಿ ಉಬ್ಬಿಸಿ ಮಾಡುವ ಕಾಫಿ ಅದು, ಮಂಗಳೂರು ಕಡೆಯ ಕಸುಬು. ಹುಳಿ ತೀರಾ ಕಡಿಮೆ.

ಒಳ್ಳೆಯ ಎಸ್ಪ್ರೆಸೊ 25ರಿಂದ 30 ಸೆಕೆಂಡಿನಲ್ಲಿ ಇಳಿಯುತ್ತದೆ. ಹತ್ತು ಹನ್ನೆರಡು ಸೆಕೆಂಡಿಗೇ ಸುರಿದುಬಿಟ್ಟರೆ ಹುಳಿ ಹುಳಿ, ನೀರು ನೀರು. ಹನಿ ಹನಿಯಾಗಿ ಎಳೆದಾಡಿದರೆ ಕಹಿ. ಮೆಷಿನ್ ಪಕ್ಕ ನಿಂತು ಸುಮ್ನೆ ಎಣಿಸಿ.

ಮೈಯ ಲೆಕ್ಕವನ್ನೂ ಇಟ್ಟುಕೊಳ್ಳಿ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್‌ವರೆಗೆ ತೊಂದರೆಯಿಲ್ಲ ಎನ್ನುವುದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದ ಮಿತಿ, ಗರ್ಭಿಣಿಯರಿಗೆ 200. ಒಂದು ಎಸ್ಪ್ರೆಸೊ ಶಾಟ್‌ನಲ್ಲಿ, ಅಂದರೆ ಮೆಷಿನ್‌ನಿಂದ ಇಳಿಸಿದ ಒಂದು ಪುಟ್ಟ ಅಳತೆಯಲ್ಲಿ, ಸುಮಾರು 60ರಿಂದ 80 ಮಿಲಿಗ್ರಾಂ ಇರುತ್ತದೆ. ಕ್ಯಾಪುಚಿನೊಗೆ ಕೆಲವರು ಎರಡು ಶಾಟ್ ಹಾಕುತ್ತಾರೆ, ಕೇಳಿಕೊಳ್ಳಿ. ಕಾಫಿಯ ಎರಡು ಮುಖ್ಯ ಜಾತಿಗಳ ಪೈಕಿ ರೊಬಸ್ಟಾದಲ್ಲಿ ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್. ಬೈಟು ಕುಡಿದರೆ ನಾಲ್ಕು ಅಂಗಡಿಯಾದರೂ 400ರ ಮಿತಿಯೊಳಗೇ ಇರುತ್ತೀರಿ. ಕೊನೆಯ ಕಾಫಿ ಸಂಜೆ ನಾಲ್ಕರೊಳಗೆ ಮುಗಿಯಲಿ. ಕುಡಿದ ಕೆಫೀನ್ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು, ಸೂರ್ಯಾಸ್ತ ನೋಡುತ್ತಾ ಕುಡಿದರೆ ನಡುರಾತ್ರಿ ಹೊರಳಾಡುತ್ತೀರಿ.

ಇಷ್ಟವಾದ ಕಡೆ ಬೀಜ ಮಾರುತ್ತಿದ್ದರೆ ಕಾಲು ಕೆಜಿ ತನ್ನಿ, ಪುಡಿ ಬೇಡ. ಕರಾವಳಿಯ ತೇವಕ್ಕೆ ಪುಡಿ ಬೇಗ ಘಮ ಕಳೆದುಕೊಳ್ಳುತ್ತದೆ. ಮನೆಯಲ್ಲಿ ಗ್ರೈಂಡರ್ ಇಲ್ಲದಿದ್ದರೆ ಅಲ್ಲೇ ಪುಡಿ ಮಾಡಿಸಿಕೊಳ್ಳಿ, ಆದರೆ ‘ಫಿಲ್ಟರ್‌ಗೆ’ ಎಂದು ಹೇಳುವುದು ಮರೆಯಬೇಡಿ. ಎಸ್ಪ್ರೆಸೊ ನುಣುಪಿಗೆ ಬೀಸಿದ ಪುಡಿ ನಮ್ಮ ಸ್ಟೀಲ್ ಫಿಲ್ಟರಿನ ತೂತು ಕಟ್ಟಿಸಿ ಡಿಕಾಕ್ಷನ್ ಇಳಿಯಲು ಬಿಡುವುದಿಲ್ಲ.